ಸೂರಿನಲ್ಲೊಂದು ಸೂರು

ಈ ಊರಿನ ಹೆಸರು ಸೂರ್.
ನಮ್ಮ ಮಾತಿನಲ್ಲಿ ಕೊನೆಗೊಂದು ಉಕಾರ ಹಚ್ಚಿದರೆ
ತಲೆಯ ಮೇಲೆ ನೆರಳು.
ಆ ಉಕಾರಕ್ಕೆ ಹನ್ನೊಂದು ವರ್ಷ ಅರ್ಜಿ ಹಾಕಿದವಳು
ನನ್ನ ಹೆಂಡತಿ, ಕರುಣಾವತಿ.

ಬೀದರಿನಲ್ಲಿ ಸೂಲಗಿತ್ತಿತನ ಓದಿದ ಕೈ.
ಇಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ
ಮೀನುಗಾರರ ಹೆಂಡಂದಿರ ಹೊಟ್ಟೆ ಮುಟ್ಟಿ
ಕೂಸು ಅಡ್ಡವೋ ನೇರವೋ ಹೇಳುತ್ತಾಳೆ,
ಯಂತ್ರಕ್ಕಿಂತ ಮೊದಲು.
ಯಂತ್ರದ ಕಡೆಯವನು ನಾನು,
ಅವಳು ಕಳಿಸಿದ ಟಿಕೇಟಿನಲ್ಲಿ ಬಂದವನು.

ವಸತಿ ವಿಭಾಗದ್ದು ಪ್ರತಿವರ್ಷ ಒಂದೇ ಉತ್ತರ:
ಹೆಂಗಸರಿಗೆ ಹಾಸ್ಟೆಲಿದೆಯಲ್ಲ ಸಿಸ್ಟರ್.
ನಾಲ್ಕು ಮಂಚ, ಒಂದು ಕನ್ನಡಿ, ರಾತ್ರಿ ಹತ್ತಕ್ಕೆ ಬೀಗ.
ಹತ್ತಕ್ಕೆ ಡ್ಯೂಟಿ ಮುಗಿಸಿದವಳು
ಕಾವಲುಗಾರನ ನಿದ್ದೆಗೆ ಕ್ಷಮೆ ಕೇಳಿ ಒಳಹೋಗಬೇಕು.
ಮಗಳು ಫೋನಿನೊಳಗೆ ಹಲ್ಲು ಮೂಡಿಸಿಕೊಂಡಳು,
ಫೋನಿನೊಳಗೇ ಹಲ್ಲು ಬಿದ್ದವು.

ನಾನು ಬಂದು ಮೂರೇ ತಿಂಗಳು.
ಅರ್ಜಿ ತುಂಬಿದ್ದೂ ಅವಳೇ,
ನನ್ನ ಅರಬಿ ಆಗಿನ್ನೂ ಅಲಿಫ್ ದಾಟಿರಲಿಲ್ಲ.
'ಕುಟುಂಬದ ಯಜಮಾನ' ಎಂಬ ಚೌಕದಲ್ಲಿ
ನನ್ನ ಹೆಸರು ಬರೆಯುವಾಗ
ಪೆನ್ನು ನಿಲ್ಲಲಿಲ್ಲ.
ನಿಲ್ಲಲಿ ಎಂದು ನಾನು ನೋಡುತ್ತಿದ್ದೆ.

ಹತ್ತೊಂಬತ್ತನೇ ದಿನ ಕೀಲಿ.
ಎರಡು ಕೋಣೆ, ಹಿನ್ನೀರಿನ ಕಡೆಗೊಂದು ಕಿಟಕಿ,
ಹಡಗು ಕಟ್ಟುವ ಅಂಗಳದಿಂದ ತೇಗದ ಹೊಟ್ಟಿನ ವಾಸನೆ.
ಎಲ್ಲರೂ ನನ್ನ ಕೈ ಕುಲುಕಿದರು.
ಪುಣ್ಯವಂತೆ ನಿಮ್ಮ ಹೆಂಡತಿ, ಎಂದರು.
ಪುಣ್ಯವಂತೆ ಆಗ ಮಂಚದಡಿಯಿಂದ
ಹನ್ನೊಂದು ವರ್ಷದ ಟ್ರಂಕು ಎಳೆಯುತ್ತಿದ್ದಳು.

ಕೀಲಿ ಕೊಟ್ಟೆ. ತಗೊಳ್ಳಲಿಲ್ಲ.
"ಬಾಗಲಾ ನೀವೇ ತೆಗೀರಿ.
ನಿಮ್ಮ ಹೆಸರ ಮ್ಯಾಲ ಬಂದದ."
ದನಿಯಲ್ಲಿ ಸಿಟ್ಟಿರಲಿಲ್ಲ.
ಇದ್ದಿದ್ದರೆ ಚೆನ್ನಿತ್ತು.
ಆ ರಾತ್ರಿ ಮಗಳು ಕೇಳಿದಳು:
"ಅಪ್ಪಾನ ಮನೀಗಿ ನಾ ಯಾವಾಗ ಬರ್ಲಿ?"

ಮರುದಿನ ವಸತಿ ವಿಭಾಗಕ್ಕೆ ಹೋದೆ.
ಹೊಸದಾಗಿ ಬಂದ ಹುಡುಗಿ ಝುವೈನಾ
ಪರದೆ ನನ್ನ ಕಡೆ ತಿರುಗಿಸಿದಳು.
ಒಂದೇ ಚೌಕ.
ಎರಡನೇ ಹೆಸರು ಹೊಡೆದರೆ ಮೊದಲನೆಯದು ಅಳಿಸುತ್ತದೆ.
"ಹಾಗಾದರೆ ಅಳಿಸಿ" ಎಂದೆ.
ಆಗ ಮನೆಯೂ ಅಳಿಸುತ್ತದೆ, ಎಂದು ನಕ್ಕಳು.
ಆಮೇಲೆ ಹಳೇ ಕಡತ ತೆಗೆದು, ಅಂಚಿನಲ್ಲಿ,
ಸೀಸದ ಕಡ್ಡಿಯಿಂದ, ಬಲದಿಂದ ಎಡಕ್ಕೆ
ಕರುಣಾವತಿ ಎಂದು ಬರೆದಳು.
"ಕಂಪ್ಯೂಟರಿಗೆ ಅಂಚಿಲ್ಲ, ಕಾಗದಕ್ಕಿದೆ.
ಇಂಥವು ಇಪ್ಪತ್ತಾರು ಆಗಿವೆ.
ನೂರಾದ ದಿನ ಮೇಲಿನವರ ಮೇಜಿಗೆ ಒಯ್ಯುತ್ತೇನೆ."
ಒಯ್ದಾಳೋ, ವರ್ಗವಾದಾಳೋ.

ಈಗ ಅವಳಿಗೆ ರಾತ್ರಿಪಾಳಿ.
ಬೆಳಗಿನ ಐದೂಮುಕ್ಕಾಲಿಗೆ
ಹೆರಿಗೆ ಕೋಣೆಯ ಡೆಟಾಲು ಮೈತುಂಬ ಹೊತ್ತು ಬಂದು
ಬಾಗಿಲು ಬಡಿಯುತ್ತಾಳೆ.
ಇನ್ನೊಂದು ಕೀಲಿ ಮಾಡಿಸಿ ಕೊಟ್ಟಿದ್ದೇನೆ,
ಅವಳ ಪರ್ಸಿನಲ್ಲೇ ಇದೆ, ನೋಡಿದ್ದೇನೆ.
ಏಳುತ್ತೇನೆ. ತೆಗೆಯುತ್ತೇನೆ.
ಒಳಬರುವ ಮುಂಚೆ ಚಪ್ಪಲಿ ಹೊರಗೆ ಬಿಡುತ್ತಾಳೆ,
ಗೋಡೆಗೆ ಒತ್ತಿ, ಜೋಡಿಸಿ,
ನೆಂಟರು ಬಿಡುವ ಹಾಗೆ.