‘ಸ’ ಎಲ್ಲಿಂದ ಬರಬೇಕು

ಕರೆಂಟ್ ಬಿಲ್ಲಿನ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಬರೆದೆ:
ವೂಫರು, ಐದೂವರೆ ಇಂಚು, ಏಳುನೂರ ಐವತ್ತು.
ಟ್ವೀಟರು, ರೇಷ್ಮೆ ಗುಮ್ಮಟದ್ದು, ನಾನೂರ ಎಂಬತ್ತು.
ಒಂದೇ ಪೆಟ್ಟಿಗೆ. ಎರಡಕ್ಕೆ ಕೈ ಹಾಕಿದರೆ
ಅಂಗಡಿ ಬಾಡಿಗೆ ಕೆಮ್ಮುತ್ತೆ.
ಪ್ಲೈವುಡ್ಡು, ಯಾರದೋ ವಾರ್ಡ್‌ರೋಬಿನಲ್ಲಿ
ಚನ್ನಾಚಾರಿ ಉಳಿಸಿದ ಹದಿನೆಂಟು ಎಂಎಂ ತುಂಡು;
ದುಡ್ಡು ಬೇಡ, ರಂದಾ ಮಿಷನ್ನಿಗೆ
ಕಾರ್ಬನ್ ಬ್ರಷ್ ಹಾಕಿಕೊಡು ಸಾಕು ಅಂದ.
ಅಂಟು, ಸ್ಕ್ರೂ, ಹಳೇ ದಿಂಬಿನ ಹತ್ತಿ.

ಕ್ರಾಸ್‌ಓವರ್.
ಅಲ್ಲಿಗೆ ಬಂದು ಪೆನ್ಸಿಲ್ಲು ನಿಂತಿತು.

ರೆಡಿಮೇಡ್ ಬೋರ್ಡು ಸಿಗುತ್ತೆ ಅಕ್ಕ,
ಇನ್ನೂರ ಐವತ್ತು, ಎಲ್ಲಾ ಸ್ಪೀಕರಿಗೂ ಆಗುತ್ತೆ
ಅಂದ ಇಮ್ತಿಯಾಜ್.
ಎಲ್ಲರಿಗೂ ಆಗುವ ರವಿಕೆ
ಯಾರ ಮೈಗೆ ಸರಿಯಾಗಿ ಕೂತಿದೆಯೋ?

ಸಾಲಗಾಮೆ ರಸ್ತೆಯಲ್ಲಿ ಹತ್ತೊಂಬತ್ತು ವರ್ಷದಿಂದ
ಸುಟ್ಟ ಪಂಪ್‌ಸೆಟ್ಟಿಗೆ ತಾಮ್ರ ಸುತ್ತುವವಳು ನಾನು.
ತಂತಿ ಕೊಂಡು ತರಬೇಕೆ?
ಕೆಪಾಸಿಟರೂ ಇದೆ ಡ್ರಾಯರಿನಲ್ಲಿ, ಸೀಲಿಂಗ್ ಫ್ಯಾನಿನದು,
ಮೂರು ಪಾಯಿಂಟ್ ಒಂದು ಐದು.
ಲೆಕ್ಕ ಕೇಳಿದ್ದು ಮೂರು ಪಾಯಿಂಟ್ ಮೂರು. ಇರಲಿ.
ಗಾಳಿ ಬೀಸಬೇಕಾಗಿದ್ದದ್ದು ಹಾಡಲಿ.

ಒಂದೇ ಕೆಪಾಸಿಟರಿನಲ್ಲಿ ಮುಗಿಸಬಹುದಿತ್ತು.
ಆದರೆ ಅದು ತೂಕಡಿಸುವ ಕಾವಲುಗಾರ,
ಬಾಗಿಲು ಹಾಕುವಷ್ಟರಲ್ಲಿ
ಡೋಲಿನ ಪೆಟ್ಟೂ ಒಳಗೆ ನುಗ್ಗಿರುತ್ತೆ,
ರೇಷ್ಮೆಯ ಎದೆ ಒಡೆದಿರುತ್ತೆ.
ಎರಡನೇ ಆರ್ಡರ್ ಅಂತ ಬರೆದು ಗೆರೆ ಎಳೆದೆ.
ಕಡಿಯುವ ಜಾಗ ಮೂರು ಸಾವಿರ.
ಎರಡಕ್ಕಿಳಿಸಿದರೆ ಟ್ವೀಟರು ಬೇಯುತ್ತೆ,
ಐದಕ್ಕೇರಿಸಿದರೆ ವೂಫರು ತೊದಲುತ್ತೆ.

ಮೋಟರಿನ ಸುರುಳಿಗಾದರೆ ನಡುವೆ ಕಬ್ಬಿಣ.
ಇದಕ್ಕೆ ಬರೀ ಗಾಳಿ,
ಅದರ ಸುತ್ತ ನೂರ ಅರವತ್ತು ಸುತ್ತು.
ನೂರ ಹನ್ನೆರಡನೆಯದಕ್ಕೆ ಗೊರೂರಿನವರೊಬ್ಬರು ಬಂದು
ಮಿಕ್ಸಿ ರೆಡಿಯಾಯ್ತಾ ಅಂದರು.
ಬಿಚ್ಚಿದೆ. ಮತ್ತೆ ಒಂದರಿಂದ.
ಪೆಟ್ಟಿಗೆಯೊಳಗೆ ಒಂದನ್ನು ಮಲಗಿಸಿ
ಇನ್ನೊಂದನ್ನು ದೂರದಲ್ಲಿ ನಿಲ್ಲಿಸಿದೆ;
ಒತ್ತಿಕೊಂಡು ಮಲಗಿದರೆ
ಒಂದರ ಗುಟ್ಟು ಇನ್ನೊಂದರ ಕಿವಿಗೆ ಬೀಳುತ್ತೆ.

ಸಂಜೆ ಹಾಸನ ಆಕಾಶವಾಣಿ ಹಿಡಿದೆವು.
ಹೆಣ್ಣುದನಿಯೊಂದು ಊರ ಹೆಸರು ಹೇಳಿತು.
‘ಹಾ’ ಕೆಳಗಿನ ಕೋನಿನಿಂದ ಬಂತು, ದುಂಡಗೆ,
‘ನ’ವೂ ಅಲ್ಲಿಂದಲೇ.
ನಡುವಿನ ‘ಸ’ ಮಾತ್ರ ಮೇಲಿನದ್ದು,
ಪಕ್ಕದ ಕೋಣೆಯಿಂದ ಬೇರೆ ಯಾರೋ
ಹೇಳಿಕೊಟ್ಟ ಹಾಗೆ, ತೆಳ್ಳಗೆ;
ಅದರ ಅಂಚಿನಲ್ಲಿ ಹಲ್ಲು ಬಿದ್ದ ಸಂದು.

ಬೆಸುಗೆ ಬಿಟ್ಟಿದೆ ಅಂದ ಇಮ್ತಿಯಾಜ್.
ಬಿಟ್ಟಿಲ್ಲ.
ಮೂರು ಸಾವಿರದ ಹತ್ತಿರ ಇಬ್ಬರೂ ಹಾಡ್ತಿದ್ದಾರೆ,
ಒಬ್ಬ ತಳ್ಳುವಾಗ ಇನ್ನೊಬ್ಬ ಎಳೀತಿದ್ದಾನೆ,
ಗಾಳಿ ಅಲ್ಲಾಡದೆ ನಿಂತಿದೆ.
ತ್ರೀ ಫೇಸ್ ಮೋಟರು ಉಲ್ಟಾ ತಿರುಗಿದರೆ
ಏನು ಮಾಡ್ತೀಯ, ಹೇಳು?
ಎರಡು ತಂತಿ ಅದಲುಬದಲು ಅಂದ,
ಅಂದು, ತಾನೇ ಸುಮ್ಮನಾದ.

ಟ್ವೀಟರಿನ ಪ್ಲಸ್ಸನ್ನು ಮೈನಸ್ಸಿಗೆ, ಮೈನಸ್ಸನ್ನು ಪ್ಲಸ್ಸಿಗೆ
ಬೆಸೆದೆ. ಸೀಸದ ಹೊಗೆ
ಟ್ಯೂಬ್‌ಲೈಟು ಮುಟ್ಟುವ ಮುಂಚೆ
ಅವಳು ಇನ್ನೊಮ್ಮೆ ಹೇಳಿದಳು.

ಹಾಸನ.

ಒಂದೇ ಬಾಯಿಂದ.
ನಲವತ್ತಾರು ವರ್ಷದಿಂದ ಬಸ್ಸಿನ ಹಣೆಯ ಮೇಲೆ,
ರೇಷನ್ ಕಾರ್ಡಿನ ಮೇಲೆ ಓದಿಕೊಂಡು ಬಂದ ಹೆಸರು;
ಅದರ ನಡುವೆ ಇಷ್ಟು ಉಸಿರಿದೆ ಅಂತ
ಗೊತ್ತಿರಲಿಲ್ಲ.

ರಾತ್ರಿ ಶಟರ್ ಎಳೆಯುವ ಮುಂಚೆ
ಬಿಲ್ಲಿನ ಬೆನ್ನಿಗೆ ಬರೆದೆ: ಕ್ರಾಸ್‌ಓವರ್, ಸೊನ್ನೆ.
ಆಮೇಲೆ ಸೊನ್ನೆ ಹೊಡೆದುಹಾಕಿ
ಎರಡು ದಿನದ ಕೂಲಿ ಅಂತ ತಿದ್ದಿದೆ.