ಖಾಲಿ ಜಾಗಕ್ಕೂ ಬೀಗ

ಮಂಡ್ಯದ ನೂರಡಿ ರಸ್ತೆ, ಜೆರಾಕ್ಸ್ ಅಂಗಡಿಯ ಮೇಲೆ
ಎರಡು ಕೋಣೆ, ಮೂರು ಕುರ್ಚಿ, ಒಂದು ಹಳೇ ಕಂಪ್ಯೂಟರು.
ಅದರೊಳಗೆ ಆರು ವರ್ಷದ ಹೆಂಗಸರ ಮಾತು,
ಮದ್ದೂರಿನಿಂದ, ಕೆರಗೋಡಿನಿಂದ, ಹೆಸರು ಹೇಳದ ಊರುಗಳಿಂದ
ಬಸ್ಸು ಹತ್ತಿ ಬಂದು ಹೇಳಿ ಹೋದದ್ದು.
ಮಂಚಮ್ಮ ಮೇಡಂ ಫೋನಿನಲ್ಲಿ ಅಂದರು:
"ಬೀಗ ಹಾಕ್ದಾಗ್ಲಿಂದ ಕುಂಟ್ತಾ ಅದೆ ಕಣಪ್ಪ.
ಒಂದ್ ದನಿ ಕಾಪಿ ಆಗೋದ್ರೊಳಗೆ ಕಾಫಿ ಆರೋಯ್ತದೆ."

ಬೀಗ ಹಾಕಿದವನು ನಾನೇ.
ಹೋದ ಶ್ರಾವಣದಲ್ಲಿ, ಅವಸರದಲ್ಲಿ,
ಸೆಟ್ಟಿಂಗ್ ಒಂದನ್ನೂ ಮುಟ್ಟದೆ, ಕೇಳಿದ್ದಕ್ಕೆಲ್ಲ ಹೂಂ ಒತ್ತಿ.

ಕಪ್ಪು ಪರದೆ ತೆರೆದು ಕೂತೆ.
ಐನೂರ ಹನ್ನೆರಡು ಬೈಟಿಗೊಂದು ಬೀಗ!
ನಮ್ಮಪ್ಪ ಆಲೆಮನೆಯಲ್ಲಿ ಪಾಕ ಹುಯ್ಯುತ್ತಿದ್ದವನು.
ಒಂದು ಕೊಪ್ಪರಿಗೆ ಪಾಕ ಸಣ್ಣ ಅಚ್ಚಿಗಾದರೆ ಮಧ್ಯಾಹ್ನ,
ಬಕೆಟ್ಟಿಗಾದರೆ ಒಂದು ಬೀಡಿ ಹೊತ್ತು,
ಸಿಹಿ ಎರಡರಲ್ಲೂ ಅಷ್ಟೇ.
ಬೀಗವಿದ್ದ ಇನ್ನೊಂದು ಡಿಸ್ಕಿಗೆ ಎಲ್ಲ ಇಳಿಸಿ
ನಾಲ್ಕು ಸಾವಿರದ ತೊಂಬತ್ತಾರು ಎಂದು ಬರೆದು
ರಾತ್ರಿಯಿಡೀ ಮತ್ತೆ ತುಂಬಿದೆ.

ಆಮೇಲೆ ಸರದಿ.
ಓದುವುದಕ್ಕೂ ಸಾಲು, ಬರೆಯುವುದಕ್ಕೂ ಸಾಲು,
ಕಾರ್ಖಾನೆ ಗೇಟಿನಲ್ಲಿ ಟ್ರಾಕ್ಟರು ನಿಂತೇ ನಿಂತು
ಕಬ್ಬು ತೂಕ ಕಳೆದುಕೊಳ್ಳುವ ಹಾಗೆ.
ಸಾಲು ಬೇಡ, ಬಂದದ್ದು ಬಂದ ಹಾಗೇ ಒಳಗೆ ಹೋಗಲಿ ಎಂದೆ.
ಅಳೆದೆ. ನೂರಿಪ್ಪತ್ತು ಇದ್ದದ್ದು ಮುನ್ನೂರ ನಲವತ್ತು.

ಬೆಳಿಗ್ಗೆ ಮೇಡಂ ಪಾಸ್‌ವರ್ಡ್ ಒತ್ತಿ ಎಂಟರ್ ಕುಟ್ಟಿದರು.
ಒಂದು ಸೆಕೆಂಡು. ಎರಡು. ಮೂರು.
"ಇದ್ಯಾಕೆ ಇನ್ನೂವೆ ಹಿಂಗೆ?"
"ಅದು ಬೇಕೂಂತಲೇ ಮೇಡಂ. ನಿಮಗೆ ದಿನಕ್ಕೊಂದು ಸಲ ಮೂರು ಸೆಕೆಂಡು.
ಊಹಿಸಿ ಊಹಿಸಿ ಕದ ತಟ್ಟೋನಿಗೆ
ಒಂದೊಂದು ಊಹೆಗೂ ಮೂರು."
ಅವರು ತಲೆಯಾಡಿಸಿದರು.
ಅವರೆದುರು ಕೂತವರೂ ಬಾಯಿ ತೆರೆಯುವುದಕ್ಕೆ
ಅದಕ್ಕಿಂತ ಹೆಚ್ಚು ಹೊತ್ತು ತಗೊಳ್ಳುತ್ತಾರೆ.

ಇನ್ನೊಂದು ಉಳಿದಿತ್ತು.
"ಅಳಿಸಿದ ಜಾಗ ಖಾಲೀಂತ ಡಿಸ್ಕಿಗೆ ಹೇಳ್ಬಿಟ್ಟರೆ
ಬರೆಯೋದು ಇನ್ನೂ ಚುರುಕು.
ಮಾತು ಯಾರಿಗೂ ಕೇಳಲ್ಲ. ಆದರೆ ಕದ್ದೊಯ್ದವನಿಗೆ
ಎಲ್ಲಿ ಖಾಲಿ, ಎಲ್ಲಿ ತುಂಬಿದೆ, ಅಷ್ಟು ಕಾಣುತ್ತೆ."

ಕೆಳಗೆ ಜೆರಾಕ್ಸ್ ಯಂತ್ರ ಯಾರದೋ ರೇಷನ್ ಕಾರ್ಡನ್ನು
ಕೆಮ್ಮಿ ಕೆಮ್ಮಿ ಹೊರಗೆ ಹಾಕುತ್ತಿತ್ತು.

"ಒಬ್ಳು ಬಂದಿದ್ಲು," ಅಂದರು ಮೇಡಂ,
"ನಲವತ್ತು ನಿಮಿಷ ಕೂತಿದ್ಲು, ಒಂದ್ ಮಾತೂ ಆಡ್ನಿಲ್ಲ.
ರೆಕಾರ್ಡು ಓಡ್ತಾನೇ ಇತ್ತು.
ಮಾರ್ನೆ ವಾರ ಬಂದು ಅಳಿಸ್ಬುಡಿ ಅಂದ್ಲು. ಅಳಿಸ್ದೆ."
ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.
"ಖಾಲಿ ಅಂತ ಯಾರ್ಗೂ ಹೇಳ್ಬ್ಯಾಡ.
ನಿಧಾನ ಆದ್ರೆ ಆಗ್ಲಿ."

ಟೈಪು ಮಾಡಿದ್ದ ಪದವನ್ನು
ಒಂದೊಂದೇ ಅಕ್ಷರ ಹಿಂದಕ್ಕೆ ತಗೊಂಡೆ.

ಮೆಟ್ಟಿಲಿಳಿಯುವಾಗ ಜೆರಾಕ್ಸ್ ಹುಡುಗ ಕೇಳಿದ:
"ಸ್ಪೀಡಾಯ್ತಾ ಅಣ್ಣ?"
"ಮುಕ್ಕಾಲು" ಅಂದೆ.