ಎರಡನೆಯ ಪೆಟ್ಟಿಗೆ

ಮೂರು ಪೆಟ್ಟಿಗೆ ತಂದಿಟ್ಟ ಬೆಸೋ ಗಾಜಿನ ಮೇಜಿನ ಮೇಲೆ,
ಕಲ್ಲಂಗಡಿ ಮಾರುವವನ ಹಾಗೆ
ಒಂದೊಂದರ ನೆತ್ತಿ ತಟ್ಟಿದ.
ಒಂದಕ್ಕೆ ನೀಲಿ ದೀಪ, ಇನ್ನೊಂದಕ್ಕೆ ಭಾರೀ ಹೆಸರು,
ಮೂರನೆಯದು ಬರೀ ಕಪ್ಪು,
ತಳ ಹಿಡಿದ ಪಾತ್ರೆಯ ಹಾಗೆ.

"ಎಷ್ಟು ಹಾಳೆ, ಅಮ್ಮಾ, ನಿಮ್ಮವು?"

ಎಣಿಸಿದವರು ಯಾರು?
ಕುತೈಸಿಯ ಈ ನೋಟರಿ ಕಚೇರಿಯಲ್ಲಿ ಮೂವತ್ತೊಂದು ವರ್ಷ
ಹಾಳೆಯನ್ನು ನಾನು ಮೊಳದಲ್ಲೇ ಅಳೆದವಳು:
ಕಿಟಕಿ ಪಕ್ಕದ ಬೀರು ಏಳು ಮೊಳ,
ಮೆಟ್ಟಿಲ ಕೆಳಗೆ ಹನ್ನೆರಡು,
ಬಚ್ಚಲಿನ ಅಟ್ಟದ ಮೇಲೆ
(ತಪಾಸಣೆಯವರಿಗೆ ಹೇಳಬೇಡ)
ಇನ್ನೂ ನಾಲ್ಕು.

ಬೆಸೋ ಫೋನಿನಲ್ಲೇ ಲೆಕ್ಕ ಒತ್ತಿ ನಕ್ಕ:
"ಅಷ್ಟೂ ಸುರಿದರೂ ಇದರ ಒಂದು ಮೂಲೆ ತುಂಬುವುದಿಲ್ಲ."

ಸಂತೋಷದ ಸುದ್ದಿಯೇ. ಆದರೂ
ಯಾರೋ ನನ್ನ ತಟ್ಟೆ ಎತ್ತಿಕೊಂಡು ಹೋದ ಹಾಗಾಯಿತು.

ಲಾಮಾರಾಗೆ ನೀಲಿ ದೀಪದ್ದು ಬೇಕು,
ಸಹಿ ಹಾಕಲು ಬಂದವರು ನೋಡಲಿ ಎಂದು.
ಜುಂಬೇರ್‌ಗೆ ಸದ್ದಿಲ್ಲದ್ದು ಬೇಕು,
ಒಂದೇ ಕಿವಿ ಉಳಿದಿದೆ, ಅದನ್ನು ಫ್ಯಾನಿಗೆ ಕೊಡಲಾರ.
ಮೂರು ತಿಂಗಳಿಂದ ಸ್ಕ್ಯಾನರಿನ ಮುಂದೆ ಅವನೇ;
ದ್ರಾಕ್ಷಿಬಳ್ಳಿಯ ಕುಡಿಯಂಥ ನಮ್ಮ ದುಂಡು ಅಕ್ಷರಗಳನ್ನು
ರೊಟ್ಟಿ ಬೇಯಿಸುವವಳ ಹಾಗೆ
ಮಗುಚಿ ಮಗುಚಿ ಬೆಳಕಿಗೆ ಹಿಡಿಯುತ್ತಾನೆ.

ತೊಂಬತ್ಮೂರರ ಒಂದು ಹಾಳೆಗೆ ಬಂದು ನಿಂತಿದ್ದ ಮೊನ್ನೆ.
ಕರೆಂಟಿಲ್ಲದ ಚಳಿಗಾಲ. ಮೊಂಬತ್ತಿ ಹಚ್ಚಿ ನಾನೇ ಬರೆದದ್ದು:
ಎರಡು ಕೋಣೆ, ಒಂದು ಬಾಲ್ಕನಿ;
ಬದಲಿಗೆ ಮೂರು ಮೂಟೆ ಹಿಟ್ಟು, ಒಂದು ಸೀಮೆಎಣ್ಣೆ ಒಲೆ.
ಮಾರಿದವಳು ಒಲೆಯನ್ನು ಹಚ್ಚಿಸಿ ನೋಡಿದ ಮೇಲೇ ಸಹಿ ಹಾಕಿದಳು.
ಸಾಕ್ಷಿಯ ಹೆಸರಿನ ಮೇಲೆ ಮೇಣ ಬಿದ್ದು ಅರ್ಧ ಮುಚ್ಚಿದೆ.
ಉಗುರಿನಿಂದ ಕೆರೆದು ತೆಗೆ ಎಂದರು ಲಾಮಾರಾ.
"ತೆಗೆಯಲಾರೆ," ಅಂದ ಜುಂಬೇರ್, "ಮೇಣವೂ ಸಾಕ್ಷಿಯೇ."

ಹಾಗಾಗಿ ಅಂಗಡಿಯಲ್ಲಿ ನಾನು ಕೇಳಿದ್ದು ಒಂದೇ:
ಇದು ಯಾವಾಗ ಸಾಯುತ್ತದೆ?

ಬೆಸೋ ಬಾಗಿಲತ್ತ ನೋಡಿದ. ಯಜಮಾನ ಹೊರಗೆ ಸಿಗರೇಟು ಸೇದುತ್ತಿದ್ದ.
ದನಿ ತಗ್ಗಿಸಿದ:
"ಎಲ್ಲವೂ ಸಾಯುತ್ತವೆ, ಅಮ್ಮಾ. ಐದು ವರ್ಷ. ಪುಣ್ಯವಿದ್ದರೆ ಏಳು.
ನೀಲಿ ದೀಪದ ದುಡ್ಡಿಗೆ ಕಪ್ಪು ಪೆಟ್ಟಿಗೆ ಎರಡು ಬರುತ್ತವೆ.
ಎರಡನ್ನೂ ಒಂದೇ ಸೂರಿನಡಿ ಇಡಬೇಡಿ."

ಒಂದು ಕಣ್ಣು ಕಣ್ಣಲ್ಲ,
ಒಂದು ಪ್ರತಿ ಪ್ರತಿಯಲ್ಲ.
ಇಷ್ಟು ನಿಜ ಹೇಳಿದವನ ಹತ್ತಿರ ಚೌಕಾಸಿ ಮಾಡಲು
ಬಾಯಿ ಬರಲಿಲ್ಲ ನನಗೆ.

ಒಂದು ನಮ್ಮಲ್ಲಿ. ಇನ್ನೊಂದಕ್ಕೆ ಜಾಗ?
ನನ್ನ ನೆಲಮಾಳಿಗೆಯಲ್ಲಿ ದ್ರಾಕ್ಷಾರಸ ಉಸಿರಾಡುತ್ತದೆ, ತೇವ.
ಲಾಮಾರಾ ತಮ್ಮನ ಬೇಕರಿ, ಬರೀ ಬೆಂಕಿ.
ಕೊನೆಗೆ ರಿಯೋನಿ ನದಿಯ ಆಚೆ ದಡದಲ್ಲಿ
ಸಂಗೀತ ಶಾಲೆಯ ಮೂರನೇ ಮಹಡಿ,
ಪಿಟೀಲುಗಳನ್ನು ಒಣಗಿದ ಗಾಳಿಯಲ್ಲಿಡುವ ಬೀರು.
ಬೀಗದ ಕೈಯ ಒಡತಿ ತ್ಸಿಯಾಲಾ
ಕನ್ನಡಕ ಏರಿಸಿ ಸುತ್ತ ನೋಡಿದಳು:
"ಇದನ್ನೂ ಶ್ರುತಿ ಮಾಡಬೇಕೇನು?"

ಈಗ ಶುಕ್ರವಾರ ರಾತ್ರಿ, ನಾವು ಬೀಗ ಹಾಕಿದ ಮೇಲೆ,
ವಾರದ ಹಾಳೆಗಳು ತಂತಿ ಹಿಡಿದು ನದಿ ದಾಟುತ್ತವೆ:
ಉಯಿಲುಗಳು, ಮುಖ್ತ್ಯಾರು ಪತ್ರಗಳು,
ಒಂದು ಹಸುವಿನ ಪಾಲಿನ ತಕರಾರು.
ಯಾರ ಕಾಲೂ ಒದ್ದೆಯಾಗುವುದಿಲ್ಲ.

ಮೇಣದ ಹಾಳೆಗೆ ಹೆಸರು ಕೊಡು ಎಂದಿತು ಯಂತ್ರ.
ಎರಡು ಬೆರಳಲ್ಲಿ ಹುಡುಕಿ ಹುಡುಕಿ ಒತ್ತಿದ ಜುಂಬೇರ್:
ಮೇಣ.

ಬಚ್ಚಲಿನ ಅಟ್ಟದ ನಾಲ್ಕು ಮೊಳ ಇನ್ನೂ ಹಾಗೇ ಇದೆ.
ಮುಂದಿನ ವಾರ, ಎನ್ನುತ್ತೇನೆ ಲಾಮಾರಾ ಕೇಳಿದಾಗಲೆಲ್ಲ.
ಮಳೆ ಬಂದರೆ
ಎದ್ದು ಹೋಗಿ ಬಕೆಟ್ಟು ಸರಿಸಿ ಬರುತ್ತೇನೆ.